ಅಸ್ತರು

ಎಂಟನೇ ಕ್ಲಾಸಿಗೆ ಬಿಟ್ಟ ಇಂಗ್ಲಿಷು
ಮತ್ತೆ ಸಿಕ್ಕಿದ್ದು ಕೌಲ್ ಬಜಾರಿನ ಹೊಲಿಗೆ ಶೆಡ್ಡಿನಲ್ಲಿ,
ಜೀನ್ಸ್ ಪ್ಯಾಂಟಿನ ಸೊಂಟದೊಳಗೆ ಹೊಲಿಯುವ ಚೀಟಿಯಲ್ಲಿ:
ಎಲ್, ಎಕ್ಸೆಲ್, ಮೂವತ್ತೆರಡು, ಮೂವತ್ನಾಲ್ಕು.
ಅದಕ್ಕಿಂತ ಹೆಚ್ಚು ಅಕ್ಷರ ನನಗೆ ಬೇಕಾದೀತೆಂದು
ಯಾರು ಅಂದುಕೊಂಡಿದ್ದರು?

ಈಗ ನನ್ನ ಫೈಲಿನ ತುಂಬ ಅವೇ.
ಮೊದಲ ಸಾಲಿಗೇ ಎಲ್.ಎಂ.ಪಿ.
'ನಮ್ಮ ಕಾಲದಾಗ ಎಲ್ಲೆಂಪಿ ಅಂದ್ರ ಡಾಕ್ಟ್ರು,
ಸೈಕಲ್ ಮ್ಯಾಲೆ ಬರ್ತಿದ್ದ, ಕರೀ ಟೋಪಿ' ಎಂದಳು
ಗಂಡನ ಅಜ್ಜಿ ಈರಮ್ಮ.
ಅಲ್ಲಜ್ಜಿ, ನಾನು ಕಡೆಯ ಸಲ ಹೊರಗಾದ ತಾರೀಖು
ಎಂದು ಹೇಳಲಿಲ್ಲ. ಅದು ಅವಳಿಗೆ ಗೊತ್ತೇ ಇತ್ತು,
ಬಚ್ಚಲ ಹಗ್ಗದ ಮೇಲಿನ ಬಟ್ಟೆ ಎಣಿಸಿ.

ಆರ್.ಓ. ಎಂದರೆ ಓಣಿಯ ತುದಿಯ ನೀರಿನ ಯಂತ್ರ,
ಐದು ರೂಪಾಯಿ ಬಿಲ್ಲೆಗೆ ಒಂದು ಕ್ಯಾನು.
ಸ್ಕ್ಯಾನಿನ ಕತ್ತಲ ಕೋಣೆಯಲ್ಲಿ ಅದು
ನನ್ನದೇ ಬಲಗಡೆಯ ಅಂಡಾಶಯ.
'ಆರ್.ಓ. ಹದಿನೆಂಟು. ಎಲ್.ಓ. ಏನಿಲ್ಲ. ಬರ್ಕೋ.'
ಎಡಗಡೆಗೆ ಏನಿಲ್ಲ ಎಂದು ಇಷ್ಟು ಸಲೀಸಾಗಿ
ಯಾರೂ ಹೇಳಿರಲಿಲ್ಲ.

ಇ.ಟಿ. ಎಂದರೇನಕ್ಕಾ?
ಎಸ್ತರಮ್ಮ ಸಿಸ್ಟರು ಪೆನ್ನು ಕಚ್ಚಿ ಯೋಚಿಸಿ
'ಒಳಗಿನ ಲೈನಿಂಗಮ್ಮಾ' ಎಂದಳು.
ಅಸ್ತರು!
ಮೂರು ತಿಂಗಳ ಹಿಂದೆಯೇ ಅಷ್ಟು ಹೇಳಬಾರದಿತ್ತೇ.
ಅಸ್ತರು ತೆಳುವಾದರೆ ಜೇಬು ತಡೆಯದು,
ಚಿಲ್ಲರೆ ಬಿದ್ದ ದಿನವೇ ಹರಿಯುತ್ತದೆ,
ದಿನಕ್ಕೆ ನೂರಿಪ್ಪತ್ತು ಜೇಬು ಕೂಡಿಸುವವಳಿಗೆ
ಇದನ್ನು ಯಾರೂ ಕಲಿಸಬೇಕಿಲ್ಲ.
ನನ್ನದು ಆರೂವರೆ. ಎಂಟಾದರೂ ಬೇಕಂತೆ.

ಹೊನ್ನೂರಸ್ವಾಮಿಗೂ ಒಂದು ಚೀಟಿ ಬಂತು.
ಕೌಂಟ್ ಕಡಿಮೆ, ಬಿಸಿ ತಾಗಬಾರದು.
ಅವನಿರುವುದು ವಾಷಿಂಗ್ ಘಟಕದ ಬಾಯ್ಲರಿನ ಪಕ್ಕ,
ಉಗುರ ಬುಡದಲ್ಲಿ ಎಂದೂ ಹೋಗದ ನೀಲಿ.
ಮಾರನೇ ವಾರ ಪ್ಯಾಕಿಂಗಿಗೆ ಸರಿದ.
ಪಗಾರ ಯಾಕೆ ಇಳಿಯಿತೆಂದು ಅತ್ತೆ ಕೇಳಿದಾಗ
'ಬೆನ್ನು ನೋವು' ಎಂದ.
ಅವತ್ತಿನಿಂದ ದಿನಾ ಬೆನ್ನಿಗೆ ಎಣ್ಣೆ ತಿಕ್ಕುತ್ತಾಳೆ ಅತ್ತೆ,
ಅವನು ಸುಮ್ಮನೆ ತಿಕ್ಕಿಸಿಕೊಳ್ಳುತ್ತಾನೆ.

ಊರಿಗೂ ಒಂದು ಸಂಕ್ಷೇಪ ಇದೆ:
'ಏನಾದ್ರೂ...?'
ಮುಂದಿನದನ್ನು ಹುಬ್ಬು ಹೇಳುತ್ತದೆ.

ಸೂಜಿ ಆದ ಮೇಲೆ ಹದಿನಾಲ್ಕು ದಿನ.
ಅದಕ್ಕೆ ಮಾತ್ರ ಫೈಲಿನಲ್ಲಿ ಯಾವ ಅಕ್ಷರವೂ ಇಲ್ಲ,
ಖಾಲಿ ಬಿಟ್ಟಿದ್ದಾರೆ.
ಪೆಡಲು ಮೆಲ್ಲಗೆ ಒತ್ತಿದೆ. ಪಪ್ಪಾಯಿ ಮಾರುವವನ ಗಾಡಿ ಬಂದರೆ
ರಸ್ತೆಯ ಈಚೆ ದಾಟಿದೆ.

ಹದಿನೈದನೆಯ ಬೆಳಿಗ್ಗೆ ಎರಡನೇ ಗೆರೆ,
ಹಳೇ ಪ್ಯಾಂಟಿನ ಇಸ್ತ್ರಿ ಗೆರೆಯಷ್ಟು ಮಸುಕು.
'ಬೀಟಾ ನಲವತ್ತೊಂದು' ಎಂದು ಫೋನಿನಲ್ಲಿ ಹೇಳುವಾಗ
'ಬೇಟಾ?' ಎಂದು ತಿರುಗಿದಳು ಪಕ್ಕದ ಮಷೀನಿನ ಮೆಹರುನ್ನೀಸಾ,
ಬಾಯಲ್ಲಿ ದಾರ, ಕಣ್ಣ ತುಂಬ ಹಬ್ಬ.
ನಾನು ತಿದ್ದಲಿಲ್ಲ.
ನಾಲ್ಕು ದಿನ ಹಾಗೇ ಇರಲಿ ಬಿಟ್ಟೆ.

ನಾಲ್ಕೇ ದಿನ.
ಎರಡರಷ್ಟಾಗಬೇಕಾದದ್ದು ಹನ್ನೆರಡಕ್ಕಿಳಿಯಿತು.
ಆಮೇಲೆ ಎಲ್ಲ ತಿಂಗಳಿನಂತೆಯೇ, ಸ್ವಲ್ಪ ಹೆಚ್ಚು ನೋವು.

ಫೈಲಿನ ತಲೆಯಲ್ಲಿ ಮೊದಲಿಂದ ಇದ್ದದ್ದು
ಜಿ ಸೊನ್ನೆ, ಪಿ ಸೊನ್ನೆ:
ಗುಂಡಿ ಹಚ್ಚದ ಎರಡು ಕಾಜಾ.
ಎಸ್ತರಮ್ಮ ಅದನ್ನು ಹೊಡೆದುಹಾಕಿ ಬರೆದಳು
ಜಿ ಒಂದು. ಪಿ ಸೊನ್ನೆ. ಎ ಒಂದು.
'ಜಿ ಅಂದ್ರ ನಿಂತದ್ದು, ಪಿ ಅಂದ್ರ ಹಡೆದದ್ದು.'
ಎ? ಅದನ್ನು ಅವಳು ಬಿಡಿಸಿ ಹೇಳಲಿಲ್ಲ,
ನಾನೂ ಕೇಳಲಿಲ್ಲ.

ರಾತ್ರಿ ಹೊನ್ನೂರಸ್ವಾಮಿ ಫೈಲು ಬಿಚ್ಚಿ
ರಟ್ಟಿನ ಡಬ್ಬಿಯ ಅಕ್ಷರ ಓದುವ ಹಾಗೆ ಬೆರಳಿಟ್ಟು ಓದಿದ.
ಜಿ-ಯ ಪಕ್ಕದ ಒಂದರ ಮೇಲೆ
ಆ ನೀಲಿ ಉಗುರು ಬಹಳ ಹೊತ್ತು ನಿಂತಿತು.
'ಒಂದು ಅಂತ ಬರೆದಾರ' ಎಂದ.
ಹ್ಞೂಂ, ಬರೆದಾರ.
'ಹೊಡೆದು ಹಾಕಂಗಿಲ್ಲ ಅಲ್ಲ, ಇನ್ನ?'

ಡಿ ಟೂ ದಿನ ಬರಲು ಹೇಳಿದ್ದಾರೆ. ಅಂದರೆ ನಾಳೆ.
ಎಲ್.ಎಂ.ಪಿ.ಯ ಮುಂದೆ ಇವತ್ತಿನ ತಾರೀಖು
ನಾನೇ ಬರೆದೆ, ಅವನ ಪೆನ್ನಿನಲ್ಲಿ.