ಜೇಬಿನಲ್ಲಿ ಅಕ್ಕ

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.
ಎಡದಿಂದ ಬಲಕ್ಕೆ. ಬೆನ್ನಿಗೆ ಪೌಡರು, ಹಿಮ್ಮಡಿಗೆ ಮೆತ್ತೆ.
ಆಮೇಲೆ ಹಳೇ ಫೋನನ್ನು ಕರೆಯಲ್ಲಿಟ್ಟು
ಅವಳ ದಿಂಬಿನ ಪಕ್ಕ ಮಲಗಿಸಿ,
ನನ್ನದನ್ನು ಅಂಗಿ ಜೇಬಿಗಿಳಿಸಿ
ಮೂರು ಮಹಡಿ ಹತ್ತುತ್ತೇನೆ.

ಹನುಮಂತನಗರದ ತಾರಸಿ. ನನ್ನ ಪಾಲಿಗೆ
ಸಿಂಟೆಕ್ಸ್ ಟ್ಯಾಂಕಿನ ಹಿಂದಿನ ನಾಲ್ಕು ಹೆಜ್ಜೆ.
ಜೇಬಿನಲ್ಲಿ ಅಕ್ಕನ ಉಸಿರು ಗೊರ ಗೊರ.
ಪ್ರೋಟೀನ್ ಪುಡಿಯ ಖಾಲಿ ಡಬ್ಬಗಳಲ್ಲಿ ಮೆಣಸಿನ ಸಸಿ,
ಒಡೆದ ಬಕೆಟ್ಟಿನಲ್ಲಿ ದೊಡ್ಡಪತ್ರೆ,
ಬಟ್ಟೆ ತಂತಿ ಹಿಡಿದು
ಎರಡನೇ ಮಹಡಿಯವರ ಡಿಶ್ಶಿಗೆ ಕೈಚಾಚಿದ ಬಸಳೆ.
ಅದನ್ನು ಯಾರೂ ಹೊರಳಿಸಬೇಕಿಲ್ಲ,
ಬಿಸಿಲು ಎತ್ತಲೋ ಅತ್ತ ತಾನೇ ಮಗ್ಗುಲಾಗುತ್ತದೆ.

ಕಾವೇರಿ ದಿನ ಬಿಟ್ಟು ದಿನ;
ಅಕ್ಕಿ ತೊಳೆದ ನೀರೇ ಇವಕ್ಕೆಲ್ಲ.
ಉಗುರಿಗೆ ಮಣ್ಣು ಸೇರಿದಷ್ಟೂ
ಡೆಟಾಲ್ ವಾಸನೆ ಹಿಂದೆ ಸರಿಯುತ್ತದೆ.
ಹುಳ ಹೆಕ್ಕುತ್ತೇನೆ. ಏನೂ ಯೋಚಿಸುವುದಿಲ್ಲ.
ಮೇಲೆ ಹದ್ದೊಂದು ಸುತ್ತುತ್ತದೆ,
ಅದಕ್ಕೂ ಯೋಚನೆಯಿದ್ದಂತಿಲ್ಲ.

ನಿನ್ನೆ ಮಾತ್ರ, ಬಸಳೆಯ ಹತ್ತಿರ, ಬಾಯಿಬಿಟ್ಟೆ:
"ಸಾಕಾಗಿದೆ ಕಣೇ. ನನ್ನ ಕೈಲಿ ಆಗಲ್ಲ."
ಎಲೆ ಅಲುಗಲಿಲ್ಲ.
ಜೇಬಿನ ಉಸಿರು ಒಂದು ಗಳಿಗೆ ನಿಂತಿತು.

ಫೋನಿಗೆ ಎರಡು ಕಡೆಯೂ ಕಿವಿ, ಆಗ ಹೊಳೆಯಿತು.

ಓಡಿದೆ. ಮೆಟ್ಟಿಲಲ್ಲೆಲ್ಲೋ ಒಂದು ಚಪ್ಪಲಿ ಉಳಿಯಿತು.
ಅಕ್ಕ ಕಣ್ಣು ತೆರೆದೇ ಇದ್ದಳು.
ನೆಟ್ಟಗಿರುವ ಅರ್ಧ ಬಾಯಲ್ಲಿ
ಒಂದೊಂದೇ ಅಕ್ಷರ ಎಳೆದು ತಂದು ಕೇಳಿದಳು:
"ಬ... ಸಳೆ... ಏನಂತು?"

ಹೊರಳಿಸುವ ಹೊತ್ತಿನ್ನೂ ಆಗಿರಲಿಲ್ಲ.
ಹೊರಳಿಸಿದೆ, ಕೈ ತೊಳೆಯುವುದು ಮರೆತು.
ಒಗೆದ ನೈಟಿಯ ಮೇಲೆ
ಐದು ಬೆರಳಿನ ಮಣ್ಣು.