ಹನ್ನೊಂದು ಪಾಯಿಂಟ್ ಎಂಟು

ಬ್ಯಾಟರಿಯ ಮುಳ್ಳು ಹನ್ನೊಂದು ಪಾಯಿಂಟ್ ಎಂಟಕ್ಕೆ ಇಳಿದಿದೆ.
ಈ ರಾತ್ರಿ ದೀಪವೋ ರೇಡಿಯೋವೋ,
ಒಂದನ್ನು ಆರಿಸಬೇಕು.
ಆರಿಸುವುದೆಂದರೆ ಇಲ್ಲಿ ಎರಡು ಅರ್ಥವೂ ಒಂದೇ.
ರೇಡಿಯೋ ಇರಲಿ ಎಂದ ವೆಂಡೆಲ್.
ಕತ್ತಲಲ್ಲಿ ಕೂತು ಕೇಳಿದೆವು: ಹಿಮ, ಅದರ ಮೇಲೆ ಹಿಮ,
ಕಣಿವೆಯ ದಾರಿ ಮುಂದಿನ ಗುರುವಾರದವರೆಗೆ ಬಂದ್.

ಬೇಸಿಗೆಯಲ್ಲಿ ಬಂದ ಅವನ ತಂಗಿ ಫೋಟೋ ಹಿಡಿದಿದ್ದಳು,
ಸೌದೆಯ ಒಟ್ಟಿಲು, ಹೊಗೆಕೊಳವೆ, ಹಿಂದೆ ಸೆಲ್ಕರ್ಕ್‌ನ ನೀಲಿ ಸಾಲು.
"ಪುಣ್ಯವಂತೆ ಕಣೇ ಥೋರಾ, ನಿನಗೆ ಕರೆಂಟು ಬಿಲ್ಲೇ ಇಲ್ಲ!"
ಬರುತ್ತದೆ ಬಿಲ್ಲು. ಅಂಚೆಯಲ್ಲಿ ಬರುವುದಿಲ್ಲ, ಅಷ್ಟೆ.
ಕೊಳವೆಯೊಳಗೆ ಡಾಂಬರಿನಂತೆ ಕಟ್ಟಿಕೊಳ್ಳುವ ಮಸಿಯಾಗಿ ಬರುತ್ತದೆ:
ಮಾಡು ಹತ್ತಿ ಕೆರೆದು ತೀರಿಸಿ,
ಇಲ್ಲವೆ ಒಂದು ರಾತ್ರಿ ಮನೆಯನ್ನೇ ಕೊಡಿ.
ಬಕೆಟ್ಟು ತುಂಬ ಹಿಮ ಕಾಸಿದರೆ ಎರಡು ಚೊಂಬು ನೀರು.
ತಲೆಗೆ ನೀರು ಏಪ್ರಿಲ್ ಬಂದ ಮೇಲೆ.
ಇಲಿಗಳಿಗೆ ಓಟ್ಸ್ ಬೇಡ, ವೈರೇ ರುಚಿ.

ಎಡದವಡೆಯ ಹಲ್ಲು ಹನ್ನೆರಡು ದಿನದಿಂದ ಮಿಡಿಯುತ್ತಿದೆ.
ಅವನಿಗೆ ಹೇಳಿಲ್ಲ.
ಹೇಳಿದರೆ ಹಿಮದ ಮೆಟ್ಟು ಕಟ್ಟಿಕೊಂಡು ಹೊರಟೇಬಿಡುತ್ತಾನೆ
ಆ ಇಳಿಜಾರಿಗೆ,
ಲಿಂಡ್‌ಕ್ವಿಸ್ಟ್ ಹೋಗಿ, ಅವನ ನಾಯಿಯೊಂದೇ ಹಿಂದಿರುಗಿದ್ದ ಇಳಿಜಾರಿಗೆ.
ಲವಂಗ ಕಚ್ಚಿಕೊಂಡು "ಹ್ಞೂಂ, ಹ್ಞೂಂ" ಎನ್ನುತ್ತಿರುತ್ತೇನೆ.
ಮಾತು ಕಡಿಮೆಯಾಯಿತು, ಬೆಟ್ಟ ಒಗ್ಗಿತು ಇವಳಿಗೆ
ಎಂದುಕೊಂಡಿರಬೇಕು.

ವರದಿ ಮುಗಿಯಿತು. ರೇಡಿಯೋದ ಗುಂಡಿ ಹುಡುಕಿ
ಅವನ ಕೈ ಮೇಜಿನ ಮೇಲೆ ತಡಕಾಡಿತು,
ನನ್ನ ಬೆರಳಿಗೆ ಉಣ್ಣೆ ತಗುಲಿತು.
ಒಳಗೂ ಗವಸು. ಒಲೆಯ ಪಕ್ಕದಲ್ಲೂ ಗವಸು.
ಮೊನ್ನೆಯಿಂದ ಊಟವೆಲ್ಲ ಎಡಗೈಯಲ್ಲಿ.
ಬಲಗೈಯ ಬೆರಳು ಎಷ್ಟು, ಯಾವ ಬಣ್ಣಕ್ಕೆ ತಿರುಗಿವೆಯೋ.
ದೀಪ ಬೇಡವೆಂದದ್ದು ಯಾಕೆಂದು ಈಗ ಹೊಳೆಯಿತು.

ಕೇಳಲಿಲ್ಲ.
ಇನ್ನೊಂದು ಲವಂಗ ಬಾಯಿಗೆ ಹಾಕಿಕೊಂಡೆ.
"ಏನೋ ಘಮ ಬರುತ್ತಿದೆ" ಎಂದ.
"ಸೌದೆ ಇರಬೇಕು" ಎಂದೆ.