ಬೆನಿಗ್ನೊನ ಲಾರಿ

ನಮ್ಮ ಕಾಲುನೇಗಿಲ ಕುಳ
ಮೊದಲು ಲಾರಿಯೊಂದರ ಹೊಟ್ಟೆಯಡಿ ಇತ್ತು.
ಕುಸ್ಕೊದಿಂದ ಸಿಮೆಂಟು ಹೇರಿ ಬರುತ್ತಿದ್ದ ಲಾರಿ
ಮೂರನೇ ತಿರುವಿನ ಮಂಜಿನಲ್ಲಿ
ಬ್ರೇಕು ತುಳಿದರೆ ಗಾಳಿ ತುಳಿದ ಹಾಗಾಗಿ
ನಮ್ಮ ಕಣಿವೆಗೆ ಇಳಿಯಿತು, ಯಾರೂ ಕರೆಯದೆ.

ಬೆನಿಗ್ನೊ ಬದುಕಿದ. ಹೊಳೆದಂಡೆಯ ಹುಲ್ಲಲ್ಲಿ
ಒಂದೇ ಬೂಟು ಹಾಕಿಕೊಂಡು ಕೂತಿದ್ದನಂತೆ.
ಅಜ್ಜ ಇಲಾರಿಯೊ ಮೊದಲು ಕೊಟ್ಟದ್ದು ಸುಟ್ಟ ಆಲೂಗಡ್ಡೆ,
ಅವನು ಅದನ್ನು ನುಂಗುವ ತನಕ ಕಾದು
ಆಮೇಲೆ ಕೇಳಿದ್ದು:
‘ಆ ಸ್ಪ್ರಿಂಗಿನ ಪಟ್ಟಿ ನಿನಗೆ ಬೇಕಾ?’

ಎಲೋಯ್ ಕಮ್ಮಾರನ ಕುಲುಮೆಯಲ್ಲಿ ಒಂದು ಪಟ್ಟಿ ಮೂರು ತುಂಡಾಯಿತು.
ಒಂದು ಬೀಗರ ಮನೆಗೆ, ಒಂದು ಹೊಳೆಯಾಚೆಯ ವಿಧವೆಗೆ,
ಒಂದು ನಮಗೆ.

ಕಾವು ಮಾತ್ರ ಹಳೆಯದು. ಅಜ್ಜನ ಅಪ್ಪ ಕಡಿದು
ಬೆಂಕಿ ತೋರಿಸಿ ತೋರಿಸಿ ಬಾಗಿಸಿದ್ದು.
ಅವನ ಕಾಲಕ್ಕೆ ಕಬ್ಬಿಣವೇ ಇಲ್ಲ, ಮರದ್ದೇ ಮೊನೆ.
‘ಮಣ್ಣಿಗೆ ನೋವಾಗುತ್ತಿರಲಿಲ್ಲ’ ಎನ್ನುತ್ತಿದ್ದ ಅಜ್ಜ.
‘ಮೊನೆ ಮುರಿದು ಮುರಿದು ನಿಮ್ಮಪ್ಪ ಬೈಯುತ್ತಿದ್ದದ್ದು
ಗುಡ್ಡಕ್ಕೆಲ್ಲ ಕೇಳುತ್ತಿತ್ತು’ ಎನ್ನುತ್ತಿದ್ದಳು ಅಜ್ಜಿ, ಒಲೆಯ ಕಡೆ ತಿರುಗಿಕೊಂಡು.

ಕಟ್ಟುವುದಕ್ಕೆ ಲಾಮಾದ ಕತ್ತಿನ ತೊಗಲೇ ಆಗಬೇಕು.
ಹಸಿ ಇರುವಾಗಲೇ ಸುತ್ತಿಬಿಡಬೇಕು,
ಒಣಗುತ್ತ ಒಣಗುತ್ತ ಅದೇ ಬಿಗಿಯುತ್ತದೆ.
ಮೊಳೆ ಹೊಡೆದ ನಮ್ಮ ಚಿಕ್ಕಪ್ಪನ ನೇಗಿಲು
ಈಗ ಕೋಳಿಗೂಡಿನ ಅಗುಳಿ.

ಮೆಟ್ಟುವವರು ಇಬ್ಬರು, ಎದುರು ಮೊಣಕಾಲೂರಿ ಒಬ್ಬಳು.
ಉಸಿರು ಕಟ್ಟಿ, ಹಾರಿ, ಹೂಂ ಎಂದು ಮೆಟ್ಟಿದರೆ
ಕುಳ ಗೇಣಾಳ ಇಳಿಯಬೇಕು. ಕಾವು ಹಿಂದಕ್ಕೆಳೆದರೆ
ಹುಲ್ಲು ಸಮೇತ ಹೆಂಟೆ ಎದ್ದು ನಿಲ್ಲುತ್ತದೆ
ನಿದ್ದೆಗಣ್ಣಲ್ಲಿ ಎಬ್ಬಿಸಿದ ಮಗುವಿನಂತೆ.
ಬೀಳುವ ಮೊದಲೇ ಅಮ್ಮ ಎರಡೂ ಕೈಯಲ್ಲಿ ಹಿಡಿದು
ಮಗುಚಿ ಮಲಗಿಸುತ್ತಿದ್ದಳು.
ಅಮ್ಮನ ಉಗುರು ಬೆಳ್ಳಗಿದ್ದದ್ದನ್ನು ನಾನು ಕಂಡದ್ದು
ತಮ್ಮ ಹುಟ್ಟಿದ ಹದಿನೈದು ದಿನ ಮಾತ್ರ.

ಕೆಳಗಿನ ಬಯಲಿಗೆ ಟ್ರ್ಯಾಕ್ಟರು ಬಂದಿದೆ.
ನಮ್ಮ ಇಳಿಜಾರಿಗೆ ಬಂದರೆ
ಅದೂ ಬೆನಿಗ್ನೊನ ಲಾರಿಯೇ.

ಅವನು ಪ್ರತಿ ಕೊಯ್ಲಿಗೂ ಬರುತ್ತಿದ್ದ,
ಸಕ್ಕರೆ, ಬೆಂಕಿಪೊಟ್ಟಣ, ಮಕ್ಕಳಿಗೆ ಬಿಸ್ಕತ್ತು ಹಿಡಿದು.
ಅಂಗಳದಲ್ಲೇ ಕೂಗುತ್ತಿದ್ದ: ‘ನನ್ನ ಲಾರಿ ಹೇಗಿದೆ?’
‘ಗುಡ್ಡ ಪೂರ್ತಿ ಓಡಿತು’ ಎನ್ನುತ್ತಿದ್ದ ಅಜ್ಜ,
‘ಪೆಟ್ರೋಲು ಕೇಳಲಿಲ್ಲ. ಕೋಕಾ ಎಲೆ ಕೇಳಿತು,
ನಾನೇ ಅಗಿದೆ.’
ಅಜ್ಜ ಹೋದ ಮೇಲೆ ಅದೇ ಉತ್ತರವನ್ನು ಅಪ್ಪ ಕೊಟ್ಟ.
ಅಪ್ಪನ ಮಂಡಿ ಹೋದ ಮೇಲೆ ನಾನು.

ಗೇಣಿನ ಮೇಲೆ ನಾಲ್ಕು ಬೆರಳಿದ್ದ ಕುಳ
ಈಗ ಒಂದು ಮುಷ್ಟಿ. ಬೆನಿಗ್ನೊ ಅಳೆದು ನೋಡಿದ.
‘ಉಳಿದದ್ದೆಲ್ಲಿ?’
ಹೊಲದಲ್ಲಿ, ಎಂದೆ.
ಕೈಯಲ್ಲಿದ್ದ ಆಲೂಗಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿ
‘ಹಾಗಾದರೆ ಇಷ್ಟು ವರ್ಷ ನನ್ನ ಲಾರಿಯನ್ನೇ ತಿನ್ನುತ್ತಿದ್ದೇನೆ’ ಎಂದ.
ಮತ್ತೊಂದು ಕೇಳಿದ, ಉಪ್ಪು ಹಚ್ಚಿ.

ಈ ಸಲ ಮಾತ್ರ ಬಿತ್ತನೆಗೇ ಬಂದ,
ಮೊಮ್ಮಗನ ಮೋಟಾರುಬೈಕಿನ ಹಿಂದೆ ಹಗ್ಗ ಬಿಗಿಸಿಕೊಂಡು.
ಒಂದು ಸಲ, ಎಂದ. ಒಂದೇ ಸಲ.
ರೂಫೊ ಕಾವು ಕೊಟ್ಟು ಪಕ್ಕಕ್ಕೆ ಸರಿದ.
ನಮ್ಮ ನೇಗಿಲಿಗೆ ಮೆಟ್ಟು ಎಡಕ್ಕಿದೆ, ಎಡಗಾಲಿನದು.
ಬೆನಿಗ್ನೊ ಅಡ್ಡ ತಿರುಗಿ, ತಡವರಿಸಿ,
ಬಲಗಾಲನ್ನೇ ಇಟ್ಟ.
ಹಾರಲಿಲ್ಲ. ಮೆಲ್ಲಗೆ, ಇಡೀ ಭಾರ ಬಿಟ್ಟು, ಒತ್ತಿದ.
ಕುಳ ಎರಡು ಬೆರಳು ಇಳಿದು ಕಲ್ಲಿಗೆ ತಾಗಿ
ನಿಂತಿತು.

‘ಹಿಡಿಯಿತು’ ಎಂದ.

ಕಾಲು ತೆಗೆಯಲಿಲ್ಲ. ನಾವೂ ತೆಗೆ ಎನ್ನಲಿಲ್ಲ.
ಏಳದ ಹೆಂಟೆಯ ಮುಂದೆ
ಎರಡೂ ಕೈ ಚಾಚಿಕೊಂಡು
ನಾನು ಕೂತೇ ಇದ್ದೆ.